ಕೊಲೆ ಪುಸ್ತಕಗಳ ಅಕ್ಕ

ಅಕ್ಕ ಹೋದರು ಎಂದು ಅವರ ಅಣ್ಣನ ಮಗಳು ಮನೆಗೇ ಬಂದು ಹೇಳಿದಳು. ತುಂಬು ಆಯುಷ್ಯ, ನರಳದ ಸಾವು, ಎಲ್ಲ ಸರಿ. "ಪುಸ್ತಕಗಳು ಏನಾದವಮ್ಮ?" ಎಂದು ಕೇಳಿದೆ. "ಎಲ್ಲಾಂ ಎನ್‌ಕಿಟ್ಟದಾನ್ ಇರುಕ್ಕು ಟೀಚರ್. ನನ್ನ ಹತ್ರಾನೇ ಉಂಟು, ಒಂದೂ ಬಿಡ್ಲಿಲ್ಲ" ಎಂದು ಅವಳು ಅರ್ಧ ತಮಿಳಿನಲ್ಲಿ, ಅರ್ಧ ಅವರ ಮನೆಯ ಉಡುಪಿ ಕನ್ನಡದಲ್ಲಿ ಹೇಳಿದಳು. ಅಷ್ಟು ಕೇಳಿದ ಮೇಲೆ ನನಗೆ ಅಳು ಬಂತು. ಅಲ್ಲಿಯವರೆಗೆ ತಡೆದುಕೊಂಡಿದ್ದೆ.

ಅಕ್ಕನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಥೆ ಶುರುವಾಗುವ ಮೊದಲೇ ಹೆಸರು ಬಾಯಿಬಿಡುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಸಲ ನಮ್ಮ ಸ್ಟಾಫ್ ರೂಮಿನಲ್ಲಿ ಇಂಗ್ಲಿಷ್ ಟೀಚರ್ ಒಬ್ಬರು ಅಕ್ಕನ ಕೈಯಲ್ಲಿದ್ದ ಪತ್ತೇದಾರಿ ಕಾದಂಬರಿಯನ್ನು ಬಗ್ಗಿ ನೋಡಿ, "ಓ, ಇದಾ? ಇದರಲ್ಲಿ ಆ ಡಾಕ್ಟರೇ..." ಎಂದು ಆರಂಭಿಸಿದರು. ಅಕ್ಕ ಎರಡೂ ಕಿವಿ ಮುಚ್ಚಿಕೊಂಡು ವರಾಂಡಕ್ಕೆ ಎದ್ದು ಹೋದರು. ಆಮೇಲೆ ಎಷ್ಟೋ ದಿನ ಆಕೆಯ ಜೊತೆ ಮಾತಿಲ್ಲ, ಕತೆಯಿಲ್ಲ. ಕೊನೆಗೆ ಒಂದು ಮಧ್ಯಾಹ್ನ ತಾವಾಗಿಯೇ ಆಕೆಯ ಮೇಜಿನ ಹತ್ತಿರ ಹೋಗಿ, "ಡಾಕ್ಟರ್ ಅಲ್ಲ, ಕಂಪೌಂಡರ್. ನೀವು ಸರಿ ಓದ್ಲಿಲ್ಲ" ಎಂದು ಹೇಳಿ ಬಂದರು. ರಾಜಿ ಎಂದರೆ ಅಕ್ಕನ ಲೆಕ್ಕದಲ್ಲಿ ಅಷ್ಟೇ.

ಅದು ಐವತ್ತರ ದಶಕ. ಮದ್ರಾಸಿನ ಪ್ಯಾರೀಸ್ ಕಾರ್ನರಿನಿಂದ ನಡೆದೇ ಹೋಗಬಹುದಾದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಅವರು ಭೂಗೋಳ ಕಲಿಸುತ್ತಿದ್ದರು, ನಾನು ಗಣಿತ. ನಾನು ತುಮಕೂರು ಕಡೆಯವಳು. ಮದುವೆಯಾಗಿ, ಗಂಡನ ಕೆಲಸದ ಹಿಂದೆ ಆ ಊರಿಗೆ ಬಂದವಳು. ತಮಿಳು ಒಂದಕ್ಷರ ಬಾರದು. ಶಾಲೆಗೆ ಸೇರಿದ ದಿನ ಎಲ್ಲರ ನಡುವೆ ಪಿಳಿಪಿಳಿ ಕಣ್ಣುಬಿಟ್ಟು ಕೂತಿದ್ದಾಗ, ಎತ್ತರದ ಸಣಕಲು ಹೆಂಗಸೊಬ್ಬರು ಮೂಗಿನ ಮೇಲೆ ಜಾರುವ ಕನ್ನಡಕವನ್ನು ಬೆರಳಿನಿಂದ ಮೇಲಕ್ಕೆ ತಳ್ಳಿ, "ಊಟಕ್ಕೆ ಎಂತ ತಂದದ್ದು?" ಎಂದು ಕೇಳಿದರು. ಕನ್ನಡ! ಅವರೇ ನನ್ನ ಡಬ್ಬಿ ತೆರೆದು ನೋಡಿ, "ಚಿತ್ರಾನ್ನ. ಬೆಳಿಗ್ಗೆ ಗಂಡನ ಜೊತೆ ಜಗಳ ಆಗಿದೆ" ಎಂದರು. ನಿಜವಾಗಿಯೂ ಆಗಿತ್ತು. ಹೇಗೆ ಗೊತ್ತಾಯಿತು ಎಂದರೆ, "ಸಾಸಿವೆ ಸೀದುಹೋಗಿದೆಯಲ್ಲ ಮಾರಾಯ್ತಿ" ಎಂದರು. ಅವತ್ತಿನಿಂದ ಅವರು ನನಗೆ ಅಕ್ಕ.

ಇಂಥವರು ಸಿಕ್ಕಿದರೆ ಶಾಲೆಯವರು ಬಿಡುತ್ತಾರೆಯೇ? ಹೆಡ್‌ಮಿಸ್ಟ್ರೆಸ್ಸರ ಕೊಡೆ ಕಾಣೆಯಾದಾಗ ಎಲ್ಲರೂ ಅಕ್ಕನನ್ನು ಸುತ್ತುವರಿದರು. ಅಕ್ಕ ಗಂಭೀರವಾಗಿ, "ನನಗೆ ಕೊಲೆ ಮಾತ್ರ ಬರುದು. ಕಳ್ಳತನ ಬರುದಿಲ್ಲ" ಎಂದು ಹೇಳಿ ಮಕ್ಕಳ ನೋಟ್ ಪುಸ್ತಕ ತಿದ್ದಲು ಕೂತರು. ಹೆಡ್‌ಮಿಸ್ಟ್ರೆಸ್ಸರಿಗೆ ನಗಬೇಕೋ ಗದರಬೇಕೋ ತಿಳಿಯಲಿಲ್ಲ.

ಅವರ ಮದುವೆಯ ವಿಷಯವನ್ನು ನಾನಾಗಿ ಕೇಳಿದವಳಲ್ಲ. ಬಸ್ಸಿಗೆ ಕಾಯುತ್ತಿದ್ದಾಗ ಒಮ್ಮೆ ಅವರೇ ಹೇಳಿದರು. "ಜಾತಕ ಕೂಡಿ ಬರ್ಲಿಲ್ಲ ಅಂತ ಮನೆಯಲ್ಲಿ ಹೇಳ್ತಾರೆ. ನನಗೆ ಅನುಮಾನ ಉಂಟು. ಆದ್ರೆ ಅಪ್ಪಯ್ಯನೂ ಇಲ್ಲ, ಜೋಯಿಸರೂ ಇಲ್ಲ. ಯಾರನ್ನು ವಿಚಾರಣೆ ಮಾಡುದು?" ಎಂದು ನಕ್ಕರು. ಅಷ್ಟರಲ್ಲಿ ಬಸ್ಸು ಬಂತು. ಆ ಮಾತು ಅಲ್ಲಿಗೇ ಮುಗಿಯಿತು.

ಪುಸ್ತಕದ ಹುಚ್ಚು ಅವರಿಗೆ ಹತ್ತಿದ್ದು ಭೂಗೋಳದ ಕೃಪೆಯಿಂದ. ಅವರು ಓದಿದ ಶಾಲೆಯ ಇಂಗ್ಲಿಷ್ ಮೇಡಂ ಒಬ್ಬರು ಸ್ವಾತಂತ್ರ್ಯ ಬಂದಾಗ ತಮ್ಮ ದೇಶಕ್ಕೆ ಮರಳುವ ಮುಂಚೆ ಒಂದು ಪೆಟ್ಟಿಗೆ ಅಟ್ಲಾಸು, ಚಾರ್ಟುಗಳನ್ನು ಅಕ್ಕನಿಗೆ ಕೊಟ್ಟು ಹೋದರಂತೆ. ಅದರ ತಳದಲ್ಲಿ ಕೆಂಪು ಕ್ಯಾಲಿಕೋ ಬಟ್ಟೆ ಅಂಟಿಸಿದ ರಟ್ಟಿನ ಒಂದು ಪತ್ತೇದಾರಿ ಕಾದಂಬರಿ ಇತ್ತು. ಮೊದಲ ಹಾಳೆ ತಿರುವಿದರೆ ಒಂದು ನಕ್ಷೆ. ದೊಡ್ಡ ಬಂಗಲೆ, ಅದರ ಮೆಟ್ಟಿಲು, ಹಿತ್ತಲ ಬಾಗಿಲು, ಕೊಳ, ಹೆಣ ಸಿಕ್ಕಿದ ಜಾಗಕ್ಕೆ ಒಂದು ಗುಣಾಕಾರದ ಗುರುತು, ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ. "ಉತ್ತರ ದಿಕ್ಕು ತೋರಿಸಿ ಕೊಲೆ ಮಾಡ್ತಾರೆ ಅಂದ್ರೆ ಎಂಥ ಶಿಸ್ತು ನೋಡು!" ಎಂದು ಅಕ್ಕ ಆ ಪುಟವನ್ನು ನನಗೆ ತೋರಿಸುವಾಗಲೆಲ್ಲ ಬೆರಗಾಗುತ್ತಿದ್ದರು.

ಅಲ್ಲಿಂದ ಶುರು. ಅವರಿಗೆ ಬೇಕಾದದ್ದು ಹಳೆಯ ಅಚ್ಚು ಮಾತ್ರ, ಅದರಲ್ಲೂ ಸಾಧ್ಯವಾದರೆ ಮೊದಲನೆಯದು. ಹೊಸದಾಗಿ ಬರುತ್ತಿದ್ದ ತೆಳು ಹೊದಿಕೆಯ ಅಗ್ಗದ ಪ್ರತಿಗಳನ್ನು ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. "ಕಥೆ ಅದೇ ಅಲ್ಲವಾ ಅಕ್ಕ?" ಎಂದು ನಾನು ಕೇಳಿ ಬೈಸಿಕೊಂಡಿದ್ದೆ. "ಹೊಸತರಲ್ಲಿ ನಕ್ಷೆ ತೆಗೆದುಬಿಡ್ತಾರೆ. ಕಾಗದ ಉಳಿಸ್ಲಿಕ್ಕೆ. ಇಲ್ಲಿ ಊಟದ ಕೋಣೆ, ಅಲ್ಲಿ ಮೆಟ್ಟಿಲು ಅಂತ ಗೊತ್ತಿಲ್ಲದೆ ನೀನು ಕೊಲೆಗಾರನನ್ನು ಹಿಡೀತೀಯಾ? ನಿನ್ನ ಲೆಕ್ಕ ಪುಸ್ತಕದಿಂದ ಚಿತ್ರ ಎಲ್ಲ ಕಿತ್ತು, ಈಗ ಜ್ಯಾಮಿತಿ ಮಾಡಿ ಅಂದ್ರೆ ಮಾಡ್ತೀಯಾ?"

ನಕ್ಷೆಯ ನಂತರದ ಸ್ಥಾನ ಹೊದಿಕೆಯದು. ರಟ್ಟಿನ ಮೇಲೆ ಸುತ್ತುವ ಬಣ್ಣದ ಕಾಗದ ಇರುತ್ತದಲ್ಲ, ಓದುವವರು ಮೊದಲು ಹರಿದು ಎಸೆಯುವುದೇ ಅದನ್ನು. ಕಠಾರಿ, ದೀಪದ ಕಂಬ, ಬಾಗಿಲ ಸಂದಿಯಿಂದ ಇಣುಕುವ ಕಣ್ಣು, ನೆಲದ ಮೇಲೆ ಬಿದ್ದ ಬಿಳಿ ಗೌನಿನ ಹೆಂಗಸು. ಹೊದಿಕೆ ಸಮೇತ, ಅದೂ ಮಾಸದೆ ಸಿಕ್ಕಿತೆಂದರೆ ಅಕ್ಕನಿಗೆ ಅವತ್ತು ಹಬ್ಬ. ಅದನ್ನು ತೆಳುವಾದ ಎಣ್ಣೆಕಾಗದದಲ್ಲಿ ಸುತ್ತಿ, ಬೇವಿನ ಎಲೆ, ಬಜೆ ಬೇರಿನ ಚೂರು ಸಣ್ಣ ಬಟ್ಟೆಗಂಟು ಕಟ್ಟಿ ಕಪಾಟಿನ ಮೂಲೆಗಳಲ್ಲಿ ಇಡುತ್ತಿದ್ದರು. ಮದ್ರಾಸಿನ ಕಡಲ ಗಾಳಿಗೆ ಕಬ್ಬಿಣವೇ ತುಕ್ಕು ಹಿಡಿಯುತ್ತದೆ, ಕಾಗದದ ಪಾಡೇನು? ಪುಸ್ತಕ ಮುಟ್ಟುವ ಮೊದಲು ನಾನು ಕೈ ತೊಳೆದು, ಒರೆಸಿ, ಅಂಗೈ ತೋರಿಸಬೇಕಿತ್ತು. ನಮ್ಮ ಅತ್ತೆಯವರ ಮಡಿಯೂ ಇಷ್ಟು ಬಿಗಿ ಇರಲಿಲ್ಲ!

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟೊಡನೆ ಮೂರ್ ಮಾರ್ಕೆಟ್ಟಿಗೆ ಸವಾರಿ. ಸೆಂಟ್ರಲ್ ಸ್ಟೇಷನ್ನಿನ ಪಕ್ಕದ ಆ ಕೆಂಪು ಕಟ್ಟಡದಲ್ಲಿ ಆಗ ಸಿಗದ ವಸ್ತುವಿರಲಿಲ್ಲ. ಗ್ರಾಮಫೋನು, ಪಾರಿವಾಳ, ಹಿತ್ತಾಳೆ ಹೂಜಿ, ಊರು ಬಿಟ್ಟುಹೋದ ದೊರೆಗಳ ಕುರ್ಚಿ, ಕನ್ನಡಿ, ಪುಸ್ತಕ. ಅಕ್ಕ ತರಕಾರಿ ಚೀಲ ಹಿಡಿದು, ತರಕಾರಿಗೇ ಬಂದವರಂತೆ ಮುಖ ಮಾಡಿಕೊಂಡು ಪುಸ್ತಕದಂಗಡಿಗಳ ಸಾಲಿಗೆ ಇಳಿಯುತ್ತಿದ್ದರು. ಬೇಕಾದ ಪುಸ್ತಕ ಕಣ್ಣಿಗೆ ಬಿದ್ದರೆ ಅದರ ಕಡೆ ಬೆನ್ನು ಹಾಕಿ ನಿಲ್ಲುವುದು ಅವರ ಪದ್ಧತಿ. ಮೊದಲು ಒಂದು ಅಡಿಗೆ ಪುಸ್ತಕದ ಬೆಲೆ ಕೇಳುತ್ತಾರೆ. ಆಮೇಲೆ ಹೊಲಿಗೆ ಪುಸ್ತಕ. ಅದೂ ಬೇಡವೆಂದು ಹೊರಟವರು, ಏನೋ ನೆನಪಾದವರಂತೆ ತಿರುಗಿ, "ಅದೇನು ಮೂಲೆಯಲ್ಲಿ?" ಎನ್ನುತ್ತಾರೆ. ಅಂಗಡಿಯ ಮುದುಕ ಭಾಯಿ ಈ ನಾಟಕವನ್ನು ವರ್ಷಗಟ್ಟಲೆ ನೋಡಿದವರು. "ಟೀಚರಮ್ಮಾ, ನೀಂಗ ತಿರುಂಬಿ ನಿನ್ನಾಲೇ ಎನಕ್ಕು ತೆರಿಯುಂ" ಎಂದು ನಗುತ್ತಿದ್ದರು. ನೀವು ಬೆನ್ನು ತಿರುಗಿಸಿದರೆ ಸಾಕು, ನನಗೆ ಗೊತ್ತಾಗುತ್ತದೆ, ಎಂದು. ಅಷ್ಟು ಬುದ್ಧಿವಂತೆ ಅಕ್ಕ, ಆ ನಾಟಕವನ್ನು ಮಾತ್ರ ಬದಲಿಸಲೇ ಇಲ್ಲ.

ಪುಸ್ತಕ ಕೈಗೆ ಬಂದ ಮೇಲೆ ನಾಟಕವಿಲ್ಲ. ಮೂಗಿಗೆ ಹಿಡಿದು ಮೂಸುವುದು, ಶೀರ್ಷಿಕೆಯ ಹಿಂದಿನ ಪುಟದಲ್ಲಿ ಯಾವ ಅಚ್ಚು ಎಂದು ನೋಡುವುದು, ನಕ್ಷೆ ಇದೆಯೋ ಯಾರಾದರೂ ಕಿತ್ತಿದ್ದಾರೋ ಎಂದು ಬೆರಳಾಡಿಸುವುದು. ನಕ್ಷೆ ಸಿಕ್ಕಿದಾಗ ಅವರ ಮುಖ ನೋಡಬೇಕಿತ್ತು. ನನ್ನ ಮಗಳು ಮೊದಲ ಸಲ ನಡೆದಾಗ ನಾನೂ ಹಾಗೆಯೇ ನಕ್ಕಿರಬೇಕು.

ಈಗ ಅತ್ತಿಗೆಯ ವಿಷಯ ಹೇಳಬೇಕು. ಅಕ್ಕನ ಅಣ್ಣ ಪ್ಯಾರೀಸ್ ಕಾರ್ನರ್ ಹತ್ತಿರ ಒಂದು ಉಡುಪಿ ಹೋಟೆಲು ನಡೆಸುತ್ತಿದ್ದರು. ಗಲ್ಲಾದ ಹಿಂದೆ ಕೂತು ಬಂದವರಿಗೆಲ್ಲ ತಲೆಯಾಡಿಸುವ, ಗಟ್ಟಿ ಮಾತಾಡದ ಮನುಷ್ಯ. ಹೋಟೆಲಿನ ಮಾಳಿಗೆಯಲ್ಲಿ ಅವರ ಸಂಸಾರ. ಅದರ ಮೇಲಿನ ತಾರಸಿಯಲ್ಲಿ ಒಂದೇ ಕೋಣೆ, ಅದು ಅಕ್ಕನದು. ಅಣ್ಣನ ಹೆಂಡತಿ, ಅಂದರೆ ಅಕ್ಕನ ಅತ್ತಿಗೆ, ಆ ಮನೆಯ ಸರ್ಕಾರ. ಗುಂಡಗೆ, ಬೆಳ್ಳಗೆ, ಸೆರಗು ಸೊಂಟಕ್ಕೆ ಸಿಕ್ಕಿಸಿದ ಹೆಂಗಸು. ಬಾಯಿ ಮಾತ್ರ ಅಬ್ಬಬ್ಬಾ! ಕೆಳಗೆ ಹೋಟೆಲಿನಲ್ಲಿ ದೋಸೆ ತಿನ್ನುವವರಿಗೂ ಅವರ ದಿನಚರಿ ಕೇಳಿಸುತ್ತಿತ್ತು.

ಅತ್ತಿಗೆಗೆ ಆ ಪುಸ್ತಕಗಳನ್ನು ಕಂಡರೆ ಆಗುತ್ತಿರಲಿಲ್ಲ. ಅವರ ಬಾಯಲ್ಲಿ ಅವು "ಕೊಲೆ ಪುಸ್ತಕ". ಹಾಲು ಒಡೆದರೆ, ಅಡಿಗೆ ಭಟ್ಟ ಹೇಳದೆ ಊರಿಗೆ ಓಡಿಹೋದರೆ, ಮಗುವಿಗೆ ಜ್ವರ ಬಂದರೆ, ಎಲ್ಲದಕ್ಕೂ ಕಾರಣ ಒಂದೇ. "ತಲೆ ಮೇಲೆ ಅಷ್ಟು ಹೆಣ ಇಟ್ಕೊಂಡು ಮಲಗಿದ್ರೆ ಮನೆಗೆ ಮತ್ತೆಂತ ಆಗ್ತದೆ?" ಒಂದೂ ಪುಸ್ತಕ ತಾರಸಿಯಿಂದ ಕೆಳಗಿಳಿಯಕೂಡದು ಎಂಬುದು ಅವರ ಕಾನೂನು. ಅಕ್ಕ ಒಂದು ದಿನವೂ ಎದುರಾಡಲಿಲ್ಲ. ನನಗೇ ತಡೆಯಲಾರದೆ, "ನೀವು ಯಾಕೆ ಸುಮ್ಮನಿರುತ್ತೀರಿ? ನಾನಾಗಿದ್ದರೆ ನಾಲ್ಕು ಮಾತು ಅನ್ನುತ್ತಿದ್ದೆ" ಎಂದೆ. ಅಕ್ಕ ಹೇಳಿದರು: "ನನಗೆ ಟೈಫಾಯ್ಡ್ ಆದಾಗ ಇದೇ ಅತ್ತಿಗೆ ನನ್ನ ತಲೆ ತೊಡೆ ಮೇಲೆ ಇಟ್ಕೊಂಡು ಗಂಜಿ ಕುಡಿಸಿದ್ರು. ಆವಾಗ್ಲೂ ಬೈತಾನೇ ಇದ್ರು."

ಹೀಗೆ ಬೈಗುಳದ ಮೇಲೆ ಬೈಗುಳ, ಪುಸ್ತಕದ ಮೇಲೆ ಪುಸ್ತಕ ಬೆಳೆಯುತ್ತಾ ಇತ್ತು. ಅರವತ್ತರ ದಶಕ ಬಂತು. ಒಂದು ಬೇಸಿಗೆಯಲ್ಲಿ ಕಟ್ಟಡದ ಮಾಲೀಕ, ಮಾಳಿಗೆ ಕೆಡವಿ ಗೋಡೌನು ಕಟ್ಟಿಸುತ್ತೇನೆ, ಹೋಟೆಲು ಮಾತ್ರ ಇರಲಿ, ಮನೆ ಖಾಲಿ ಮಾಡಿ ಎಂದ. ಅಣ್ಣ ಮದ್ರಾಸಿನಲ್ಲೇ ಬಂದರಿನ ಕಡೆಯ ರಾಯಪುರದಲ್ಲಿ ಒಂದು ಪುಟ್ಟ ಮನೆ ಹಿಡಿದರು. ಎರಡು ಕೋಣೆ, ಒಂದು ಹಜಾರ, ಅಡಿಗೆಮನೆ, ಮುಂದೆ ಜಗಲಿ. ಅಷ್ಟರಲ್ಲಿ ಗಂಡ, ಹೆಂಡತಿ, ಮಕ್ಕಳು, ಅಕ್ಕ. ತಾರಸಿ ಕೋಣೆ ಎಂಬುದಿಲ್ಲ. ಅಕ್ಕನ ಪುಸ್ತಕಗಳಿಗೆ ಜಾಗವಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಅಣ್ಣ ಒಳ್ಳೆಯವರು. ರದ್ದಿಗೆ ಹಾಕು ಎನ್ನಲಿಲ್ಲ. ಹೋಟೆಲಿಗೆ ಕಾಫಿಗೆ ಬರುವ ಯಾರನ್ನೋ ಹಿಡಿದು, ಊಟಿಯಲ್ಲಿ ನೆಲೆಸಿದ್ದ ಒಬ್ಬ ಇಂಗ್ಲಿಷ್ ದೊರೆಯನ್ನು ಪತ್ತೆ ಮಾಡಿದರು. ಆತನೂ ಇಂಥ ಪುಸ್ತಕಗಳನ್ನೇ ಕೂಡಿಹಾಕುವವನು. ಒಂದು ಶನಿವಾರ ಬಂದು ತಾರಸಿ ಕೋಣೆಯ ಕಪಾಟು ನೋಡಿ ಆತ ನಿಂತೇಬಿಟ್ಟ. ತನ್ನ ದೇಶದಲ್ಲೇ ಇಷ್ಟು ಚೊಕ್ಕಟವಾದ ಹೊದಿಕೆಗಳನ್ನು ಒಂದೇ ಕಡೆ ಕಂಡಿಲ್ಲ ಎಂದ. ಎಲ್ಲವನ್ನೂ ತೆಗೆದುಕೊಳ್ಳುತ್ತೇನೆ, ಆದರೆ ಈಗ ಇರುವ ಹಾಗೆಯೇ ಇರಬೇಕು, ಹೊದಿಕೆಗೆ ಒಂದು ಚುಕ್ಕೆ ಕಲೆಯಾದರೂ ತನಗೆ ಬೇಡ ಎಂದ. ಅಕ್ಕನೂ ಆತನೂ ಒಂದು ನಕ್ಷೆಯ ಮೇಲೆ ತಲೆ ಬಾಗಿಸಿ ಬಹಳ ಹೊತ್ತು ಮಾತಾಡಿದರು. ಒಳ್ಳೆಯ ಕೈಗೇ ಹೋಗುತ್ತವೆ ಎಂದು ನನಗೆ ಅನ್ನಿಸಿತು.

ಆತ ಹೋದ ಮೇಲೆ ಅಣ್ಣ ಎಂದೂ ಇಲ್ಲದಂತೆ ಸ್ವರ ಏರಿಸಿ ಮನೆಮಂದಿಗೆಲ್ಲ ಹೇಳಿದರು. "ಯಾರೂ ಅದನ್ನು ಮುಟ್ಲಿಕ್ಕೆ ಇಲ್ಲ. ಒಂದು ಕಲೆ ಆದ್ರೆ ಆ ದೊರೆ ತಕ್ಕೊಳ್ಳುದಿಲ್ಲ. ವಿಜಯದಶಮಿ ಒಳ್ಳೆ ದಿವಸ, ಅವತ್ತು ಬಂದು ಕೊಂಡುಹೋಗ್ತಾನೆ." ಅತ್ತಿಗೆ ಸೌಟು ಹಿಡಿದು ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದರು. ಅವರು ಗೆದ್ದಿದ್ದರು. ಇಷ್ಟು ವರ್ಷ ಬೇಡವೆಂದು ಕೂಗಿದ್ದು ಮನೆಯಿಂದ ಹೊರಡುತ್ತಿತ್ತು. ಆದರೂ ಅವತ್ತು ಒಂದು ಮಾತೂ ಆಡದೆ ಒಳಗೆ ಹೋದರು.

ಮುಂದಿನ ದಿನಗಳಲ್ಲಿ ಅಕ್ಕ ಒಂದೊಂದೇ ಪುಸ್ತಕ ಒರೆಸಿ, ಎಣ್ಣೆಕಾಗದ ಬಿಚ್ಚಿ, ಸಾಲಾಗಿ ಜೋಡಿಸಿದರು. ದೊರೆ ಬಂದವನು ನೋಡಿ ತೆಗೆದುಕೊಳ್ಳಲು ಸುಲಭವಾಗಲೆಂದು ಎಲ್ಲವನ್ನೂ ಮಾಳಿಗೆಯ ಹಜಾರಕ್ಕೆ ಇಳಿಸಿದರು. ಅತ್ತಿಗೆಯ ಕಾನೂನು ಮೊದಲ ಸಲ ಮುರಿಯಿತು. ಹೊರಟುಹೋಗುವುದಕ್ಕೆ ಕಾನೂನು ಎಲ್ಲಿಯದು?

ವಿಜಯದಶಮಿಯ ಹಿಂದಿನ ದಿನ ಸರಸ್ವತಿ ಪೂಜೆ. ಮದ್ರಾಸಿನಲ್ಲಿ ಆಯುಧ ಪೂಜೆಯೂ ಅವತ್ತೇ. ಹೋಟೆಲಿನಲ್ಲಿ ದೋಸೆ ಕಾವಲಿ, ರುಬ್ಬುವ ಕಲ್ಲು, ಕಾಫಿ ಬಾಯ್ಲರು, ತರಕಾರಿ ಹೆಚ್ಚುವ ಮಣೆ ಎಲ್ಲಕ್ಕೂ ಗಂಧ ಕುಂಕುಮ. ಮಾಳಿಗೆಯಲ್ಲಿ ಮಕ್ಕಳ ಶಾಲೆ ಪುಸ್ತಕ ದೇವರ ಮುಂದೆ. ನಾನು ಅರಿಶಿನ ಕುಂಕುಮಕ್ಕೆಂದು ಬಂದವಳು. ಅಕ್ಕ, "ಬಾ, ಹೊಸ ಮನೆ ನೋಡಿ ಬರುವ. ಇಲ್ಲಿ ಕೂತ್ರೆ ಅದನ್ನೇ ನೋಡ್ತಾ ಇರ್ತೇನೆ" ಎಂದು ನನ್ನನ್ನು ರಾಯಪುರಕ್ಕೆ ಹೊರಡಿಸಿದರು. ಖಾಲಿ ಮನೆಯಲ್ಲಿ ಸುಣ್ಣದ ವಾಸನೆ. ಅಕ್ಕ ಗೋಡೆಗೆ ಒರಗಿ ನಿಂತು, "ಇಷ್ಟು ವಯಸ್ಸಾಯ್ತು, ಅಳುದು ಚಂದ ಅಲ್ಲ. ಆದ್ರೆ ಇನ್ನು ಶನಿವಾರ ನಾನು ಎಲ್ಲಿಗೆ ಹೋಗುದು ಹೇಳು?" ಎಂದರು. ನಾನು ಅವರ ಕೈ ಹಿಡಿದುಕೊಂಡೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮರಳಿದೆವು. ಮೆಟ್ಟಿಲು ಹತ್ತಿ ಹಜಾರಕ್ಕೆ ಕಾಲಿಟ್ಟವಳು ನಾನು ಅಲ್ಲೇ ಕಲ್ಲಾದೆ.

ದೇವರ ಮುಂದೆ ಮಕ್ಕಳ ಪುಸ್ತಕಗಳ ಪಕ್ಕದಲ್ಲಿ, ಗೋಡೆಯುದ್ದಕ್ಕೂ, ಅಕ್ಕನ ಪುಸ್ತಕಗಳು ನಿಂತಿದ್ದವು. ಪ್ರತಿಯೊಂದರ ಹೊದಿಕೆಯ ಮೇಲೂ ಒಂದು ಗಂಧದ ಬೊಟ್ಟು, ಅದರ ನಡುವೆ ಕುಂಕುಮ, ಮೇಲೊಂದು ಸೇವಂತಿಗೆ ಎಸಳು. ಕಠಾರಿಯ ಹಿಡಿಗೆ ಬೊಟ್ಟು. ದೀಪದ ಕಂಬಕ್ಕೆ ಬೊಟ್ಟು. ನೆಲದ ಮೇಲೆ ಸತ್ತುಬಿದ್ದ ಬಿಳಿ ಗೌನಿನ ಹೆಂಗಸಿನ ಹಣೆಗೂ ಸರಿಯಾಗಿ ನಡುವೆ ಕುಂಕುಮ ಇಟ್ಟಿತ್ತು, ಮುತ್ತೈದೆಯ ಹಾಗೆ.

ಅತ್ತಿಗೆ ಮಂಗಳಾರತಿ ತಟ್ಟೆ ಹಿಡಿದು ಬಂದು, "ಸರಸ್ವತಿ ಪೂಜೆ ದಿವಸ ಮನೆಯಲ್ಲಿ ಇಷ್ಟು ಪುಸ್ತಕ ಇಟ್ಕೊಂಡು ಒಂದು ಬೊಟ್ಟು ಇಡದೆ ಇರ್ಲಿಕ್ಕೆ ಆಗ್ತದಾ? ನಾಳೆ ಮನೆ ಬಿಟ್ಟು ಹೋಗ್ತದೆ. ಬರಿ ಹಣೆಯಲ್ಲಿ ಕಳಿಸುದಾ?" ಎಂದರು.

ನನಗೆ ಕಿರುಚಿಕೊಳ್ಳಬೇಕೆನಿಸಿತು. ಅಯ್ಯೋ ಪುಣ್ಯಾತ್ಗಿತ್ತಿ, ಕಲೆ ಆಗಬಾರದು ಎಂದು ಹೇಳಿದ್ದನ್ನು ಕೇಳಲಿಲ್ಲವೇ! ಆದರೆ ಕುಂಕುಮ ಕಲೆ ಎಂದು ನಮ್ಮ ಮನೆಗಳಲ್ಲಿ ಯಾರು ಹೇಳಿಕೊಟ್ಟಿದ್ದಾರೆ? ಹೊಸ ಸೀರೆಯ ಸೆರಗಿಗೆ ಅರಿಶಿನ ಹಚ್ಚಿ ಉಡುವವರು ನಾವು. ಪಾಪ, ಆ ಹೆಂಗಸಿಗೆ ಹೊಳೆದೇ ಇಲ್ಲ ಎಂದುಕೊಂಡೆ. ಅಕ್ಕ ನನ್ನ ಕೈ ಅದುಮಿ ಸುಮ್ಮನಿರಿಸಿದರು. ಪುಸ್ತಕಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ನೋಡಿದರು. ಆಮೇಲೆ ಅತ್ತಿಗೆಯ ಮುಖ ನೋಡಿದರು. "ಚಂದ ಆಗಿದೆ ಅತ್ತಿಗೆ" ಎಂದು ಹೇಳಿ ಆರತಿ ತೆಗೆದುಕೊಂಡರು.

ಮರುದಿನ ದೊರೆ ಬಂದ. ಮೊದಲ ಪುಸ್ತಕ ಎತ್ತಿಕೊಂಡ, ಹೆಬ್ಬೆರಳಿಗೆ ಕೆಂಪು ಹತ್ತಿತು. ಇನ್ನೊಂದು ಎತ್ತಿದ, ಮತ್ತೊಂದು ಎತ್ತಿದ. ಒಳ್ಳೆಯ ಮನುಷ್ಯ, ಸಿಟ್ಟಾಗಲಿಲ್ಲ. ದೀರ್ಘವಾಗಿ ಉಸಿರು ಬಿಟ್ಟು, ಅತ್ತಿಗೆ ತಂದ ಕಾಫಿ ಕುಡಿದು, ಅಕ್ಕನಿಗೆ ಕೈ ಮುಗಿದು ಹೊರಟುಹೋದ.

ಅಣ್ಣನಿಗೆ ತಲೆ ಕೆಟ್ಟುಹೋಯಿತು. "ಎಂತ ಮಾಡಿಬಿಟ್ಟದ್ದು ನೀನು! ಇನ್ನು ಇದನ್ನು ರದ್ದಿಯವ ಮಾತ್ರ ತಕ್ಕೊಳ್ಳುದು."

"ರದ್ದಿಗಾ?" ಅತ್ತಿಗೆಯ ಸ್ವರ ಮಾಮೂಲಿನ ಎತ್ತರಕ್ಕೆ ಏರಿತು. "ನಿನ್ನೆ ಸರಸ್ವತಿ ಅಂತ ಕೂರಿಸಿ ಇವತ್ತು ತಕ್ಕಡಿಯಲ್ಲಿ ಕೂರಿಸುದಾ? ಅವನು ಹರಿದು ಕಡಲೆಕಾಯಿ ಕಟ್ತಾನೆ, ಯಾರೋ ತುಳೀತಾರೆ. ಮಕ್ಕಳಿಗೆ ವಿದ್ಯೆ ಹತ್ತುದು ಬೇಡವಾ ನಿಮಗೆ?"

"ಮತ್ತೆ ಎಲ್ಲಿ ಇಡುದು? ಅಲ್ಲಿ ಜಾಗ ಉಂಟಾ?"

"ಪೂಜೆ ಮಾಡಿದ ಮೇಲೆ ಜಾಗ ಮಾಡ್ಬೇಕು. ನನ್ನ ಪಾತ್ರೆ ಅಟ್ಟಳಿಗೆಯ ಒಂದು ಬದಿ ಬಿಡ್ತೇನೆ. ನನ್ನ ಹಣೆಬರಹ!"

ಅಣ್ಣ ಗಲ್ಲಾಕ್ಕೆ ಇಳಿದು ಹೋದರು. ಪುಸ್ತಕಗಳು ಕೈಗಾಡಿ ಹತ್ತಿ ರಾಯಪುರಕ್ಕೆ ಬಂದವು. ಅತ್ತಿಗೆಯ ಹಿತ್ತಾಳೆ ಕೊಪ್ಪರಿಗೆಗಳ ಪಕ್ಕದಲ್ಲಿ ಅರ್ಧ, ಹಜಾರದ ಬೆಂಚಿನ ಕೆಳಗೆ ಅರ್ಧ. ಬೈಗುಳವೂ ಜೊತೆಗೇ ಬಂತು, ಈಗ ಇನ್ನೂ ಹತ್ತಿರದಿಂದ. "ಕಾಲಿಟ್ಟಲ್ಲಿ ಕೊಲೆ ಪುಸ್ತಕ!"

ಅಕ್ಕನ ಶನಿವಾರಗಳು ಉಳಿದವು. ಆದರೆ ಒಂದು ವ್ಯತ್ಯಾಸ ಕಂಡೆ. ತಮ್ಮಲ್ಲಿದ್ದ ಪುಸ್ತಕದ್ದೇ ಇನ್ನೊಂದು ಪ್ರತಿ, ಕಲೆಯಿಲ್ಲದ ಹೊದಿಕೆಯದು, ಎಷ್ಟೋ ಸಲ ಮೂರ್ ಮಾರ್ಕೆಟ್ಟಿನಲ್ಲಿ ಸಿಕ್ಕಿತ್ತು. ಮೊದಲಾಗಿದ್ದರೆ ಬಿಡುತ್ತಿದ್ದರೇ? ಈಗ ಕೈಗೆತ್ತಿಕೊಂಡು ನೋಡಿ ಅಲ್ಲೇ ಇಟ್ಟು ಬರುತ್ತಿದ್ದರು. "ಬೇಡ. ನನ್ನದು ಉಂಟಲ್ಲ" ಎನ್ನುತ್ತಿದ್ದರು.

ಕೆಲವು ವರ್ಷಗಳಾದ ಮೇಲೆ, ಅಕ್ಕ ನಿವೃತ್ತರಾಗುವ ಹೊತ್ತಿನಲ್ಲಿ, ಒಂದು ಸಂಜೆ ನಾವಿಬ್ಬರೂ ರಾಯಪುರದ ಮನೆಯ ಜಗಲಿಯಲ್ಲಿ ಕೂತಿದ್ದೆವು. ಬಂದರಿನ ಕಡೆಯಿಂದ ಮೀನಿನ ವಾಸನೆಯ ಗಾಳಿ ಬೀಸುತ್ತಿತ್ತು. ಮಾತಿಗೆ ಮಾತು ಬಂದು, "ಅವತ್ತು ಅತ್ತಿಗೆ ಗೊತ್ತಿಲ್ಲದೆ ಆ ಎಡವಟ್ಟು ಮಾಡಿದ್ದು ಒಳ್ಳೆಯದೇ ಆಯಿತು ನೋಡಿ" ಎಂದೆ.

ಅಕ್ಕ ಕನ್ನಡಕದ ಮೇಲಿಂದ ನನ್ನನ್ನು ದಡ್ಡ ವಿದ್ಯಾರ್ಥಿನಿಯನ್ನು ನೋಡುವಂತೆ ನೋಡಿದರು. "ಎಡವಟ್ಟಾ? ಇಷ್ಟು ವರ್ಷ ನನ್ನ ಜೊತೆ ತಿರುಗಿ ನೀನು ಕಲಿತದ್ದು ಇಷ್ಟೇನಾ?"

"ಅಂದರೆ?"

"ಒಂದು ಕಲೆ ಆಗ್ಬಾರ್ದು ಅಂತ ಅಣ್ಣ ಕೂಗಿ ಹೇಳುವಾಗ ಅವರು ಬಾಗಿಲಲ್ಲೇ ಇದ್ರು. ಅವರ ಕಿವಿ ಎಂಥದ್ದು ಅಂತ ನಿನಗೆ ಗೊತ್ತುಂಟು. ಮತ್ತೆ ಆ ಗಂಧ. ದೇವರಿಗೆ ತೇಯುವಾಗ ಯಾವಾಗ್ಲೂ ದೋಸೆ ಹಿಟ್ಟಿನ ಹಾಗೆ ನೀರು ಮಾಡ್ತಾರೆ. ಅವತ್ತು ಗಟ್ಟಿ ತೇದಿದ್ರು. ಒಳಗಿನ ರಟ್ಟಿಗೆ, ಪುಟಕ್ಕೆ ಇಳೀಬಾರ್ದು ಅಂತ. ನಾನು ಆಮೇಲೆ ಒಂದೊಂದೇ ಬಿಚ್ಚಿ ನೋಡಿದೆ. ಒಂದು ನಕ್ಷೆಗೂ ತಾಗಿರ್ಲಿಲ್ಲ."

"ಆದರೆ ಅವರಿಗೆ ಆ ಪುಸ್ತಕಗಳನ್ನು ಕಂಡರೆ ಆಗುತ್ತಿರಲಿಲ್ಲವಲ್ಲ ಅಕ್ಕ!"

"ಪುಸ್ತಕ ಕಂಡ್ರೆ ಈಗ್ಲೂ ಆಗುದಿಲ್ಲ. ನನ್ನನ್ನು ಕಂಡ್ರೆ ಆಗ್ತದೆ."

ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ನಾನು ಸುಮ್ಮನಿರಲಾರದೆ, "ಅವರನ್ನೇ ಕೇಳಿದಿರಾ?" ಎಂದೆ.

"ಎಂತಕ್ಕೆ ಕೇಳುದು? ಹೌದು ಅಂತ ಒಪ್ಪಿಕೊಂಡ್ರೆ ಆಮೇಲೆ ಪಾಪ, ನನ್ನನ್ನು ಯಾವ ಬಾಯಲ್ಲಿ ಬೈತಾರೆ?"

ಒಳಗಿನಿಂದ ಅತ್ತಿಗೆಯ ಕೂಗು ಬಂತು. "ಕಾಫಿ ಆರಿ ನೀರಾಯ್ತು! ಮಾಡಿ ಮಾಡಿ ಕೊಡ್ಲಿಕ್ಕೆ ಒಬ್ಬಳು ಸಿಕ್ಕಿದ್ದಾಳಲ್ಲ, ಇವರಿಗೆಂತ!"

"ಬಂದೆ ಅತ್ತಿಗೆ" ಎಂದು ಅಕ್ಕ ಕನ್ನಡಕ ಹಾಕಿಕೊಂಡು ಎದ್ದರು.